ತಪಸ್ ಬಿದ್ದದ್ದು ಸರಿ, ಪಾಠ ಎಲ್ಲಿ?

2023ರ ಆಗಸ್ಟ್ 20, ಭಾನುವಾರ. ಡಿಆರ್‌ಡಿಓ ಪರೀಕ್ಷೆ ಮಾಡ್ತಿದ್ದ ತಪಸ್ ಎಂಬ ಬೇಹುಗಾರಿಕೆ ಡ್ರೋನ್ ಹಿರಿಯೂರು ತಾಲ್ಲೂಕಿನ ವದ್ದಿಕೆರೆ ಬಳಿಯ ಹೊಲಕ್ಕೆ ಬಿತ್ತು. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ. ಜನ ಸುತ್ತ ನಿಂತು ನೋಡುತ್ತಿದ್ದ ವಿಡಿಯೋ ಎಲ್ಲರ ಮೊಬೈಲಿಗೂ ಬಂತು, ಜೊತೆಗೆ ಒಂದಷ್ಟು ನಗೆಯೂ ಬಂತು. 2019ರ ಸೆಪ್ಟೆಂಬರ್‌ನಲ್ಲಿ ಚಳ್ಳಕೆರೆ ತಾಲ್ಲೂಕಿನ ಜೋಡಿಚಿಕ್ಕೇನಹಳ್ಳಿ ಬಳಿ ಬಿದ್ದಾಗಲೂ ಹೀಗೇ ಆಗಿತ್ತು.

ಎಂಜಿನಿಯರಿಂಗ್ ಓದುವ ನಾವು ಆ ನಗೆಗೆ ಸೇರಬಾರದು. ಪ್ರಯೋಗದ ವಿಮಾನ ಬೀಳುವುದು ಅವಮಾನವಲ್ಲ. ಏನು ಬಿಗಡಾಯಿಸಿತು ಅಂತ ಯಾರಿಗೂ ಹೇಳದೇ ಇರುವುದು ಮಾತ್ರ ನಷ್ಟ.

ಮೊದಲು ಆದ ಕೆಲಸ ನೋಡೋಣ. ಬೆಂಗಳೂರಿನ ಎಡಿಇ ರೂಪಿಸಿದ ಈ ಡ್ರೋನ್‌ಗೆ ಮೊದಲಿದ್ದ ಹೆಸರು ರುಸ್ತುಂ-2. ಎನ್‌ಎಎಲ್‌ನ ಹಗುರ ವಿಮಾನಕ್ಕೆ ದುಡಿದ ಪ್ರೊ. ರುಸ್ತುಂ ದಮಾನಿಯಾ ಅವರ ನೆನಪಿಗೆ ಇಟ್ಟ ಹೆಸರು ಅದು. 2016ರ ನವೆಂಬರ್‌ನಲ್ಲಿ ಚಳ್ಳಕೆರೆಯಲ್ಲಿ ಮೊದಲ ಸಲ ಹಾರಿತು. 2023ರ ಜೂನ್ ಹೊತ್ತಿಗೆ 200 ಹಾರಾಟ ಮುಗಿಸಿತ್ತು. ಅದೇ ತಿಂಗಳು ಚಳ್ಳಕೆರೆಯಿಂದ ಹೊರಟ ಡ್ರೋನನ್ನು ಕಾರವಾರದಾಚೆ ಸಮುದ್ರದಲ್ಲಿದ್ದ ಐಎನ್‌ಎಸ್ ಸುಭದ್ರಾ ಹಡಗಿನಿಂದ ನಲವತ್ತು ನಿಮಿಷ ನಡೆಸಿದರು. ಇದೇನು ಸಣ್ಣ ಕೆಲಸವೇ?

ಆದರೆ ಸೇನೆ ಕೇಳಿದ್ದು 30,000 ಅಡಿ ಎತ್ತರ, 24 ಗಂಟೆ ಹಾರಾಟ. ತಪಸ್ ಮುಟ್ಟಿದ್ದು ಸುಮಾರು 28,000 ಅಡಿ, 18 ಗಂಟೆ. 2024ರ ಆರಂಭದಲ್ಲಿ ಇದನ್ನು ಆದ್ಯತೆಯ ಯೋಜನೆಗಳಿಂದ ಕೈಬಿಟ್ಟ ಸುದ್ದಿ ಬಂತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಅಮೆರಿಕದ ಜನರಲ್ ಅಟಾಮಿಕ್ಸ್‌ನಿಂದ 31 ಡ್ರೋನ್ ಕೊಳ್ಳುವ ಒಪ್ಪಂದಕ್ಕೆ ಸಹಿ ಬಿತ್ತು.

ಆ ಕಂಪನಿಯ ಕತೆಯನ್ನೂ ಕೇಳಿ. ಅದರ ಹೆಸರಾಂತ ಪ್ರಿಡೇಟರ್‌ನ ಬೇರು ಆಂಬರ್ ಎಂಬ ಡ್ರೋನ್‌ನಲ್ಲಿದೆ. 1990ರಲ್ಲಿ ಅಮೆರಿಕ ಸರ್ಕಾರ ಆಂಬರ್ ಯೋಜನೆಯನ್ನೇ ನಿಲ್ಲಿಸಿತು. ಮಾಡಿದ ಜನ, ಕಲಿತ ವಿದ್ಯೆ ಮಾತ್ರ ಚದುರಿ ಹೋಗಲಿಲ್ಲ. ಅದರ ಮೇಲೆಯೇ ಮುಂದಿನ ಡ್ರೋನ್ ಎದ್ದಿತು, 1994ರಲ್ಲಿ ಪ್ರಿಡೇಟರ್ ಹಾರಿತು. ಯೋಜನೆ ನಿಂತರೂ ಕಲಿಕೆ ನಿಲ್ಲದಿದ್ದರೆ ಸಾಕು.

ಬೀರೂರು, ಕಡೂರು, ಅಜ್ಜಂಪುರ ಕಡೆಯ ನಮಗೆ ಇನ್ನೊಂದು ಕಾರಣಕ್ಕೂ ಇದು ದೂರದ ಸುದ್ದಿಯಲ್ಲ. ಅಮೃತಮಹಲ್ ಕಾವಲು ಅಂದರೆ ಏನು ಅಂತ ನಮ್ಮಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಹೈದರ್, ಟಿಪ್ಪು ಕಾಲದಲ್ಲಿ ತೋಪು ಎಳೆದ ದನಗಳ ಮೇವಿನ ನೆಲ ಅದು. ಚಳ್ಳಕೆರೆಯ ಪರೀಕ್ಷಾ ಕೇಂದ್ರ ಎದ್ದಿರುವುದೂ ಅಂಥದೇ ಕಾವಲಿನಲ್ಲಿ. ಡಿಆರ್‌ಡಿಓಗೆ 4,000 ಎಕರೆಗೂ ಹೆಚ್ಚು ಹೋಯಿತು. ದನ, ಕುರಿ ಮೇಯಿಸುವವರು ಪ್ರತಿಭಟಿಸಿದರು, ವಿಷಯ ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು. ಮೇವಿನ ನೆಲ ಬಿಟ್ಟುಕೊಟ್ಟವರಿಗೆ, ಹೊಲದಲ್ಲಿ ಡ್ರೋನ್ ಬಿದ್ದದ್ದನ್ನು ನೋಡಿದವರಿಗೆ, ಅದು ಯಾಕೆ ಬಿತ್ತು ಅಂತ ಕೇಳುವ ಹಕ್ಕಿದೆ ಅಲ್ವಾ?

ಸೇನೆಯ ವಿಚಾರ, ಗುಟ್ಟು ಇರಬೇಕು ಅನ್ನುವವರಿದ್ದಾರೆ. ನಿಜ. ಕ್ಯಾಮೆರಾ, ರೇಡಾರ್, ಸಂಪರ್ಕದ ಸಂಕೇತಗಳು ಗುಟ್ಟಾಗಿಯೇ ಇರಲಿ. ಆದರೆ ಎಂಜಿನ್ ಕೈಕೊಟ್ಟಿತೋ, ತೂಕ ಹೆಚ್ಚಾಯಿತೋ, ಸಾಫ್ಟ್‌ವೇರ್ ತಪ್ಪಿತೋ ಅನ್ನುವಷ್ಟು ಹೇಳಿದರೆ ಶತ್ರುವಿಗೆ ಸಿಗುವುದೇನು? ಅಮೆರಿಕದ ವಾಯುಪಡೆ ತನ್ನ ಪ್ರಿಡೇಟರ್ ಬಿದ್ದಾಗಲೂ ತನಿಖಾ ವರದಿಗಳನ್ನು ಹೊರಗೆ ಬಿಟ್ಟಿದೆ. ನಮ್ಮಲ್ಲೂ ಒಂದು ವರದಿ ಕಾಲೇಜುಗಳಿಗೆ ಬಂದರೆ ಅದು ಪಠ್ಯಪುಸ್ತಕಕ್ಕಿಂತ ಹೆಚ್ಚು ಕಲಿಸುತ್ತದೆ.

ಡಿಆರ್‌ಡಿಓ ಬದಲಾಗಲಿ ಅಂತ ಕಾಯುತ್ತ ಕೂರುವುದೂ ಬೇಡ. ನಮ್ಮ ಕೊನೇ ವರ್ಷದ ಪ್ರಾಜೆಕ್ಟ್ ವರದಿಗಳನ್ನು ತೆರೆದು ನೋಡಿ: ಎಲ್ಲ ಸರ್ಕ್ಯೂಟೂ ಕೆಲಸ ಮಾಡಿದೆ, ಎಲ್ಲ ಗ್ರಾಫೂ ನೇರವಾಗಿದೆ. 'ಏನು ಕೆಲಸ ಮಾಡಲಿಲ್ಲ, ಯಾಕೆ' ಅಂತ ಒಂದು ಅಧ್ಯಾಯ ಕಡ್ಡಾಯವಾಗಲಿ, ವೈವಾದಲ್ಲಿ ಅದಕ್ಕೆ ಹತ್ತು ಅಂಕ ಇರಲಿ. ಮುಂದಿನ ತಪಸ್ ಕಟ್ಟುವವರು ನಮ್ಮಂಥ ತರಗತಿಗಳಿಂದಲೇ ಹೋಗಬೇಕು. ಸೋತದ್ದನ್ನು ಬರೆದಿಡುವ ಅಭ್ಯಾಸವನ್ನೂ ಅವರು ಇಲ್ಲಿಂದಲೇ ಕಟ್ಟಿಕೊಂಡು ಹೋಗಲಿ.