ಸಿಮೆಂಟು ನೆಲ ಹಾಕಿದವರೇ ಕಬ್ಬಿಣ ಕೊಡಬೇಕು

ಒಂಬತ್ತನೇ ತರಗತಿಯಲ್ಲಿ ರಕ್ತಹೀನತೆಯ ಪಾಠ ಮಾಡುವಾಗ ಹಂದಿಮರಿಯ ಉದಾಹರಣೆ ಕೊಟ್ಟೆ. ಹಂದಿ ಅಂದದ್ದೇ ತಡ, ಕ್ಲಾಸಿಗೆ ಕ್ಲಾಸೇ ನಗು. ಹಿಂದಿನ ಬೆಂಚಿನ ಒಬ್ಬ ಹುಡುಗ ಮಾತ್ರ ನಗಲಿಲ್ಲ. ಬೆಲ್ ಆದ ಮೇಲೆ ಹತ್ತಿರ ಬಂದು ಕೇಳಿದ: "ಸಾರ್, ನಮ್ಮಲ್ಲಿ ಹಂದಿ ಹತ್ತು ಮರಿ ಹಾಕಿತ್ತು. ಮೂರು ಸತ್ತವು. ಅದೂ ದಪ್ಪ ದಪ್ಪ ಇದ್ದವೇ. ಎಲ್ಲಕ್ಕಿಂತ ಪುಟ್ಟದು ಈಗಲೂ ಉಂಟು. ಅದು ಹೇಗೆ?" ನಕ್ಕವರಲ್ಲಿ ಯಾರೂ ಆ ವಾರ ಅಷ್ಟು ಒಳ್ಳೆಯ ಪ್ರಶ್ನೆ ಕೇಳಿರಲಿಲ್ಲ.

ಮೊದಲು ಲೆಕ್ಕ ಮಾಡೋಣ. ಹುಟ್ಟುವಾಗ ಹಂದಿಮರಿಯ ಮೈಯಲ್ಲಿರುವ ಕಬ್ಬಿಣ ಸುಮಾರು 50 ಮಿಲಿಗ್ರಾಂ. ದಿನಕ್ಕೆ ಬೇಕಾದದ್ದು ಸುಮಾರು 7 ಮಿಲಿಗ್ರಾಂ. ತಾಯಿಯ ಹಾಲಿನಿಂದ ಸಿಗುವುದು ದಿನಕ್ಕೆ ಸುಮಾರು 1 ಮಿಲಿಗ್ರಾಂ ಮಾತ್ರ. ದಿನಾ 6 ಕೊರತೆ ಬಿದ್ದರೆ ಗಂಟು ಎಷ್ಟು ದಿನ ಬಂದೀತು? ಎಂಟು ದಿನ. ನಿಜಕ್ಕೂ ಅಷ್ಟರವರೆಗೆ ಕಾಯಬೇಕಾಗಿಲ್ಲ, ಅದಕ್ಕೆ ಮೊದಲೇ ರಕ್ತದ ಬಣ್ಣ ಇಳಿಯತೊಡಗುತ್ತದೆ.

ಇಷ್ಟು ಕಬ್ಬಿಣ ಯಾಕೆ ಬೇಕು ಅಂದರೆ, ಬೆಳವಣಿಗೆಯ ವೇಗ. ಮನುಷ್ಯರ ಮಗು ಹುಟ್ಟಿದಾಗಿನ ತೂಕದ ಎರಡರಷ್ಟಾಗಲು ಸುಮಾರು ಐದು ತಿಂಗಳು ಬೇಕು. ಹಂದಿಮರಿಗೆ ಒಂದೇ ವಾರ ಸಾಕು. ಮೈ ಬೆಳೆದ ಹಾಗೆ ರಕ್ತವೂ ಬೆಳೆಯಬೇಕು. ರಕ್ತಕ್ಕೆ ಹಿಮೊಗ್ಲೋಬಿನ್ ಬೇಕು, ಅದರ ಒಂದೊಂದು ಅಣುವಿಗೂ ನಾಲ್ಕು ಕಬ್ಬಿಣದ ಪರಮಾಣು ಬೇಕು. ಹೆಚ್ಚು ಹಾಲು ಕುಡಿದು ಬೇಗ ಬೆಳೆದ ಮರಿಯ ಗಂಟು ಬೇಗ ಕರಗುತ್ತದೆ. ನೋಡಲಿಕ್ಕೆ ಗುಂಡಗೆ ಇರುತ್ತದೆ, ಕಿವಿ ಮಾತ್ರ ಬಿಳಿಚಿರುತ್ತದೆ. ಸ್ವಲ್ಪ ಓಡಿದರೆ ಏದುಸಿರು. ಒಂದು ದಿನ ಇದ್ದಕ್ಕಿದ್ದ ಹಾಗೆ ಸತ್ತು ಬಿದ್ದಿರುತ್ತದೆ. ಕಪ್ಪು ಹಂದಿಯಾದರೆ ಚರ್ಮ ನೋಡಿ ಗೊತ್ತಾಗುವುದಿಲ್ಲ, ವಸಡು, ಕಣ್ಣಿನ ರೆಪ್ಪೆಯ ಒಳಭಾಗ ನೋಡಬೇಕು.

ಹಾಗಾದರೆ ಕಾಡುಹಂದಿಯ ಮರಿಗಳು ಹೇಗೆ ಬದುಕುತ್ತವೆ? ಅವು ಮೂತಿಯಿಂದ ಮಣ್ಣು ಕೆದಕಿ ತಿನ್ನುತ್ತವೆ. ನಮ್ಮ ಕಾಸರಗೋಡಿನ ಮುರಕಲ್ಲು ಯಾಕೆ ಕೆಂಪು ಅಂತ ಏಳನೇ ತರಗತಿಯವರನ್ನು ಕೇಳಿದರೂ ಹೇಳುತ್ತಾರೆ, ಕಬ್ಬಿಣದ ಆಕ್ಸೈಡ್. ಗೂಡಿನ ಗೋಡೆಯೇ ಕಬ್ಬಿಣದ ಕಲ್ಲು, ಒಳಗಿನ ಮರಿಗೆ ಮಾತ್ರ ಕಬ್ಬಿಣವಿಲ್ಲ! ಯಾಕಂದರೆ ನಡುವೆ ಸಿಮೆಂಟು ನೆಲ ಇದೆ.

ಸಿಮೆಂಟು ಹಾಕಿದ್ದು ತಪ್ಪು ಅಂತ ನಾನು ಹೇಳುವುದಿಲ್ಲ. ತೊಳೆಯಲು ಸುಲಭ, ಹುಳದ ಕಾಟ ಕಡಿಮೆ. ಆದರೆ ಮರಿ ತಾನಾಗಿ ಹುಡುಕಿಕೊಳ್ಳುತ್ತಿದ್ದ ಒಂದು ವಸ್ತುವನ್ನು ನಾವು ಮುಚ್ಚಿದ್ದೇವೆ. ಅದನ್ನು ನಾವೇ ಕೊಡಬೇಕು. ಕಬ್ಬಿಣದ ಇಂಜೆಕ್ಷನ್ನಿನ ಖರ್ಚನ್ನು ರೋಗದ ಖರ್ಚು ಅಂತ ಬರೆಯಬಾರದು, ಸಿಮೆಂಟಿನ ಲೆಕ್ಕದಲ್ಲೇ ಬರೆಯಬೇಕು ಎನ್ನುವುದು ನನ್ನ ವಾದ.

"ಅಜ್ಜನ ಕಾಲದಲ್ಲಿ ಇಂಜೆಕ್ಷನ್ ಇತ್ತಾ?" ಅಂತ ಕೇಳುವವರಿದ್ದಾರೆ. ಇರಲಿಲ್ಲ. ಅಜ್ಜನ ಹಂದಿಗೆ ಸಿಮೆಂಟು ನೆಲವೂ ಇರಲಿಲ್ಲ. ಇನ್ನು ಕೆಲವರು ತಾಯಿಹಂದಿಗೇ ಕಬ್ಬಿಣ ತಿನ್ನಿಸುತ್ತಾರೆ. ಅದು ಹಾಲಿಗೆ ಹೆಚ್ಚೇನೂ ಇಳಿಯುವುದಿಲ್ಲ. ಮರಿಗಳಿಗೆ ಸ್ವಲ್ಪ ಪ್ರಯೋಜನವಾದರೆ ಅದು ತಾಯಿಯ ಸಗಣಿಯನ್ನು ಮೂಸಿ ತಿನ್ನುವುದರಿಂದ (ಈಗ ನಗಬಹುದು). ಗೂಡಿಗೆ ಒಂದು ಬುಟ್ಟಿ ಮಣ್ಣು ಹಾಕುವುದು ಹಳೆಯ ಉಪಾಯ, ಕೆಟ್ಟದ್ದಲ್ಲ. ಆದರೆ ಹಂದಿ ಓಡಾಡಿದ ಜಾಗದ ಮಣ್ಣಾದರೆ ಜಂತುಹುಳದ ಮೊಟ್ಟೆಯೂ ಜೊತೆಗೆ ಬರುತ್ತದೆ. ಯಾವ ಮರಿ ಎಷ್ಟು ತಿಂದಿತು ಎಂದು ತಿಳಿಯುವುದೂ ಇಲ್ಲ.

ಮರಿಗಳ ಈ ರೋಗಕ್ಕೆ ಕಬ್ಬಿಣದ ಕೊರತೆಯೇ ಕಾರಣ ಎಂಬುದನ್ನು 1920ರ ದಶಕದಲ್ಲೇ ಸ್ಕಾಟ್ಲೆಂಡಿನ ಅಬರ್ಡೀನ್‌ನಲ್ಲಿ ಮೆಕ್‌ಗೋವನ್ ಮತ್ತು ಕ್ರಿಕ್ಟನ್ ಎಂಬವರು ತೋರಿಸಿದ್ದರು. 1950ರ ದಶಕದಲ್ಲಿ ಐರನ್ ಡೆಕ್ಸ್ಟ್ರಾನ್ ಇಂಜೆಕ್ಷನ್ ಬಂತು. ಹುಟ್ಟಿದ ಮೂರನೇ ದಿನದ ಹೊತ್ತಿಗೆ ಕುತ್ತಿಗೆಯ ಮಾಂಸಖಂಡಕ್ಕೆ ಸಾಮಾನ್ಯವಾಗಿ 200 ಮಿಲಿಗ್ರಾಂ. ದಿನಕ್ಕೆ 6ರಂತೆ ಮೂರು ವಾರದ ಕೊರತೆ 126. ಸಾಕಾಗುತ್ತದೋ ಇಲ್ಲವೋ ನೀವೇ ನೋಡಿ. ಅಷ್ಟರಲ್ಲಿ ಮರಿ ಹಿಂಡಿ ತಿನ್ನಲು ಕಲಿಯುತ್ತದೆ. ಹುಟ್ಟಿದ ದಿನವೇ ಚುಚ್ಚುವ ಅವಸರ ಬೇಡ, ಅದು ಗಿಣ್ಣುಹಾಲಿನ ದಿನ. ಕಬ್ಬಿಣ ಹೆಚ್ಚಾದರೂ ವಿಷ. ಆದ್ದರಿಂದ ಪ್ರಮಾಣವನ್ನು ಮೃಗಾಸ್ಪತ್ರೆಯ ಡಾಕ್ಟರೇ ಹೇಳಬೇಕು.

ಆ ಹುಡುಗನ ಮನೆಯ ಹಂದಿ ಮತ್ತೆ ಗಬ್ಬವಾಗಿದೆಯಂತೆ. ಹಂದಿಯ ಗರ್ಭದ ಅವಧಿ ಸುಮಾರು 114 ದಿನ. ಅವನು ಕ್ಯಾಲೆಂಡರಿನಲ್ಲಿ ಆ ದಿನಕ್ಕೊಂದು ಗುರುತು ಹಾಕಿದ್ದಾನೆ, ಮೂರು ಮನೆ ದಾಟಿ ಕೆಂಪು ಶಾಯಿಯಲ್ಲಿ ಇನ್ನೊಂದು.