ಕಬಾಬ್ ಕೆಂಪಗಿದ್ದರೇ ರುಚಿಯಾ? ಬಣ್ಣ, ಎಣ್ಣೆ ಮತ್ತು ವಾಟ್ಸಾಪ್ ಭಯದ ಅಸಲಿಯತ್ತು

ಭಾನುವಾರ ಸಂಜೆ ನಮ್ಮ ಮನೆಯ ವಾಟ್ಸಾಪ್ ಗ್ರೂಪಿಗೆ ಒಂದು ಫಾರ್ವರ್ಡ್ ಬಂತು. ಕಡುಕೆಂಪು ಚಿಕನ್ ಕಬಾಬಿನ ಫೋಟೋ, ಅದರ ಕೆಳಗೆ ಒಂದು ಸಾಲು: ಇದನ್ನು ತಿಂದರೆ ಕ್ಯಾನ್ಸರ್ ಗ್ಯಾರಂಟಿ, ಕೂಡಲೇ ಹತ್ತು ಜನರಿಗೆ ಕಳಿಸಿ. ಐದು ನಿಮಿಷದಲ್ಲಿ ಸೋದರಮಾವನ ಉತ್ತರ: "ಇಪ್ಪತ್ತು ವರ್ಷದಿಂದ ತಿನ್ನಾಕತ್ತೀನಿ, ಏನಾಗೇತಿ ನನಗ?" ಅಲ್ಲಿಗೆ ಚರ್ಚೆ ಮುಗಿಯಿತು. ಹೆದರಿದವರು ಹೆದರಿದರು, ನಕ್ಕವರು ನಕ್ಕರು. ಕಬಾಬಿನಲ್ಲಿ ನಿಜವಾಗಿ ಏನಿದೆ ಎಂದು ಯಾರೂ ಕೇಳಲಿಲ್ಲ.

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಕಡೆಯವರಿಗೆ ಕಬಾಬ್ ಅಂದರೆ ಏನು ಎಂದು ಬಿಡಿಸಿ ಹೇಳಬೇಕಿಲ್ಲ. ಬೇರೆ ಕಡೆ ಕಬಾಬ್ ಎಂದರೆ ಕೆಂಡದ ಮೇಲೆ ಸುಟ್ಟ ಮಾಂಸ. ನಮ್ಮಲ್ಲಿ ಅದು ಮಸಾಲೆ ಹಚ್ಚಿ ಎಣ್ಣೆಯಲ್ಲಿ ಕರಿದ ಕೋಳಿ. ಜೊತೆಗೆ ಹೆಚ್ಚಿದ ಉಳ್ಳಾಗಡ್ಡಿ, ಅರ್ಧ ಲಿಂಬೆಹಣ್ಣು. ಒಬ್ಬರಿಗೆ ಲೆಗ್ ಪೀಸ್ ಬೇಕು, ಇನ್ನೊಬ್ಬರಿಗೆ ಬೋನ್‌ಲೆಸ್. ಒಬ್ಬರಿಗೆ ಕಡಕ್ ಆಗಬೇಕು, ಇನ್ನೊಬ್ಬರಿಗೆ ಒಳಗೆ ಮೆತ್ತಗಿರಬೇಕು. ಆದರೆ ಹೆಚ್ಚಿನವರು ಒಪ್ಪುವ ಮಾತು ಒಂದಿದೆ: ಕಬಾಬ್ ಕೆಂಪಗಿರಬೇಕು. ಸಮಸ್ಯೆ ಶುರುವಾಗುವುದು ಇಲ್ಲಿಂದಲೇ.

ಸರ್ಕಾರ ನಿಷೇಧಿಸಿದ್ದು ಏನನ್ನು?

"ಸರ್ಕಾರ ಕಬಾಬ್ ಬ್ಯಾನ್ ಮಾಡಿದೆ" ಎಂಬ ಸಂದೇಶ ಇವತ್ತಿಗೂ ಓಡಾಡುತ್ತಿದೆ. ಇದು ಅರ್ಧ ಸತ್ಯ. ಕರ್ನಾಟಕ ಸರ್ಕಾರ 2024ರ ಜೂನ್‌ನಲ್ಲಿ ನಿಷೇಧಿಸಿದ್ದು ಕಬಾಬನ್ನಲ್ಲ, ಅದಕ್ಕೆ ಹಾಕುವ ಕೃತಕ ಬಣ್ಣವನ್ನು. ಚಿಕನ್, ಮೀನು, ತರಕಾರಿ ಹೀಗೆ ಯಾವ ಕಬಾಬಿಗೂ ಕೃತಕ ಬಣ್ಣ ಹಾಕುವಂತಿಲ್ಲ.

ಅದಕ್ಕೂ ಮೊದಲು ಆಹಾರ ಸುರಕ್ಷತಾ ಇಲಾಖೆ ರಾಜ್ಯದ ಬೇರೆ ಬೇರೆ ಕಡೆಯಿಂದ 39 ಕಬಾಬ್ ಮಾದರಿಗಳನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿತ್ತು. 8 ಮಾದರಿಗಳು ಅಸುರಕ್ಷಿತ ಎಂದು ಬಂತು. ಅವುಗಳಲ್ಲಿ ಸನ್‌ಸೆಟ್ ಯೆಲ್ಲೋ ಮತ್ತು ಕಾರ್ಮೋಸಿನ್ ಎಂಬ ಬಣ್ಣಗಳು ಸಿಕ್ಕಿದ್ದವು. ಅದೇ ವರ್ಷದ ಮಾರ್ಚ್‌ನಲ್ಲಿ ಗೋಬಿ ಮಂಚೂರಿ ಮತ್ತು ಬಾಂಬೆ ಮಿಠಾಯಿಗೆ ಕೃತಕ ಬಣ್ಣ ಹಾಕುವುದನ್ನು ಸರ್ಕಾರ ನಿಷೇಧಿಸಿತ್ತು. ಆಗ ಗೋಬಿಯ 171 ಮಾದರಿಗಳ ಪೈಕಿ 107 ಅಸುರಕ್ಷಿತವಾಗಿದ್ದವು. ನಿಯಮ ಮೀರಿದವರಿಗೆ 7 ವರ್ಷದಿಂದ ಜೀವಾವಧಿಯವರೆಗೆ ಜೈಲು, 10 ಲಕ್ಷ ರೂಪಾಯಿವರೆಗೆ ದಂಡ ಎಂದು ಸರ್ಕಾರ ಎಚ್ಚರಿಸಿತು.

ಈ ಅಂಕಿಗಳನ್ನು ಎರಡೂ ಕಡೆಯಿಂದ ಓದಬೇಕು. 39ರಲ್ಲಿ 8 ಕೆಟ್ಟಿದ್ದವು ಎಂದರೆ 31 ಕೆಟ್ಟಿರಲಿಲ್ಲ. "ಎಲ್ಲಾ ಕಬಾಬ್ ವಿಷ" ಎಂಬುದು ತಪ್ಪು. "ಏನೂ ಆಗಲ್ಲ ಬಿಡ್ರಿ" ಎಂಬುದೂ ತಪ್ಪು. ಮುಖ್ಯವಾದ ಸಂಗತಿ ಬೇರೆಯೇ ಇದೆ: ಬಣ್ಣವಿಲ್ಲದೆ ಕಬಾಬ್ ಮಾಡಿ ಮಾರುವವರೂ ಇದ್ದಾರೆ, ಅಂದರೆ ಬಣ್ಣ ಬೇಕೇ ಬೇಕು ಅಂತೇನಿಲ್ಲ.

ಬಣ್ಣದಿಂದ ಕ್ಯಾನ್ಸರ್ ಬರುತ್ತದೆಯೇ?

ಒಂದು ಪ್ಲೇಟ್ ಕಬಾಬಿಗೂ ಕ್ಯಾನ್ಸರ್‌ಗೂ "ಗ್ಯಾರಂಟಿ" ಸಂಬಂಧ ಕಟ್ಟುವುದು ವಿಜ್ಞಾನವಲ್ಲ. ಸನ್‌ಸೆಟ್ ಯೆಲ್ಲೋ, ಕಾರ್ಮೋಸಿನ್ ಎರಡೂ ಆಹಾರಕ್ಕೆಂದೇ ತಯಾರಾದ ಬಣ್ಣಗಳು. ನಮ್ಮ ದೇಶದಲ್ಲಿ ಕೆಲವು ತಿನಿಸುಗಳಿಗೆ ಮಾತ್ರ, ನಿಗದಿತ ಮಿತಿಯೊಳಗೆ ಇವುಗಳಿಗೆ ಅನುಮತಿ ಇದೆ. ಕಬಾಬ್ ಆ ಪಟ್ಟಿಯಲ್ಲಿಲ್ಲ.

ಹಾಗಿದ್ದರೆ ಚಿಂತೆ ಯಾಕೆ? ಮೊದಲ ಕಾರಣ ಪ್ರಮಾಣ. ಅಂತರರಾಷ್ಟ್ರೀಯ ತಜ್ಞರು ಈ ಎರಡು ಬಣ್ಣಗಳಿಗೆ ಹಾಕಿರುವ ಮಿತಿ ದಿನಕ್ಕೆ ದೇಹತೂಕದ ಪ್ರತಿ ಕಿಲೋಗೆ 4 ಮಿಲಿಗ್ರಾಂ. 60 ಕಿಲೋ ತೂಕದ ದೊಡ್ಡವರಿಗೆ ಇದು 240 ಮಿಲಿಗ್ರಾಂ ಆದರೆ, 20 ಕಿಲೋ ತೂಕದ ಮಗುವಿಗೆ ಬರೀ 80. ಅಪ್ಪ, ಮಗಳು ಒಂದೇ ಪ್ಲೇಟಿನಲ್ಲಿ ಸಮಪಾಲು ತಿಂದರೂ ಮಗಳ ದೇಹಕ್ಕೆ ಅದು ಮೂರು ಪಟ್ಟು ಭಾರ. ಬಂಡಿಯ ಮೇಲೆ ಬಣ್ಣ ಬೀಳುವುದು ತಕ್ಕಡಿ ಲೆಕ್ಕದಲ್ಲಲ್ಲ, ಚಿಟಿಕೆ ಲೆಕ್ಕದಲ್ಲಿ.

ಎರಡನೆಯ ಕಾರಣವೂ ಮಕ್ಕಳೇ. 2007ರಲ್ಲಿ ಬ್ರಿಟನ್ನಿನ ಸೌತಾಂಪ್ಟನ್ ವಿಶ್ವವಿದ್ಯಾಲಯದ ಸಂಶೋಧಕರು ಕೆಲವು ಕೃತಕ ಬಣ್ಣಗಳು ಮತ್ತು ಸೋಡಿಯಂ ಬೆಂಜೋಯೇಟ್ ಬೆರೆಸಿದ ಪಾನೀಯವನ್ನು ಮಕ್ಕಳಿಗೆ ಕೊಟ್ಟು ನೋಡಿದರು. ಕೆಲವು ಮಕ್ಕಳಲ್ಲಿ ಚಡಪಡಿಕೆ, ಅತಿ ಚಟುವಟಿಕೆ ಹೆಚ್ಚಿತು. ಪರಿಣಾಮ ದೊಡ್ಡದಿರಲಿಲ್ಲ, ಎಲ್ಲ ಮಕ್ಕಳಲ್ಲೂ ಒಂದೇ ರೀತಿ ಇರಲಿಲ್ಲ. ಆದರೂ 2010ರಿಂದ ಯುರೋಪಿನಲ್ಲಿ ಈ ಬಣ್ಣಗಳಿರುವ ತಿನಿಸಿನ ಪೊಟ್ಟಣದ ಮೇಲೆ ಮಕ್ಕಳ ಕುರಿತು ಎಚ್ಚರಿಕೆಯ ಸಾಲು ಕಡ್ಡಾಯವಾಯಿತು. ನಮ್ಮ ಕಬಾಬಿಗೆ ಪೊಟ್ಟಣವೂ ಇಲ್ಲ, ಎಚ್ಚರಿಕೆಯ ಸಾಲೂ ಇಲ್ಲ.

ಮೂರನೆಯದನ್ನು ಯಾವ ಫಾರ್ವರ್ಡೂ ಹೇಳುವುದಿಲ್ಲ: ಬಣ್ಣ ಹಸಿ ಮಾಂಸವನ್ನು ಮುಚ್ಚಿಡುತ್ತದೆ. ಕೋಳಿ ಒಳಗೆ ಬೆಂದಿಲ್ಲ ಎಂಬ ಅನುಮಾನ ನಮಗೆ ಮೊದಲು ಬರುವುದು ಅದರ ಗುಲಾಬಿ ಬಣ್ಣ ಕಂಡು. ಇಡೀ ತುಂಡು ಕೆಂಪು ಬಣ್ಣದಲ್ಲಿ ಮಿಂದಿದ್ದರೆ ಹಸಿ ಯಾವುದು, ಬೆಂದಿದ್ದು ಯಾವುದು ಎಂದು ಗುರುತಿಸುವುದು ಹೇಗೆ?

ಕೆಂಪು ಕಂಡರೆ ಖಾರ ಅನ್ನಿಸುವುದೇಕೆ?

ಬಂಡಿ ಇಟ್ಟವರನ್ನು ಮಾತಿಗೆಳೆದರೆ ಇನ್ನೊಂದು ಕಥೆ ಕೇಳಬಹುದು. ಬಣ್ಣ ಹಾಕದೆ ಕರಿದರೆ ಗಿರಾಕಿ ಕೇಳುವ ಮೊದಲ ಪ್ರಶ್ನೆ: "ಯಾಕ ಬೆಳ್ಳಗ ಐತಿ? ನಿನ್ನೇದೇನ?" ಪಕ್ಕದ ಬಂಡಿಯಲ್ಲಿ ಕೆಂಪಗೆ ಹೊಳೆಯುವ ಕಬಾಬ್ ಇದ್ದರೆ ಜನ ಅತ್ತ ನಡೆಯುತ್ತಾರೆ. ದಿನದ ದುಡಿಮೆಯಲ್ಲೇ ಮನೆ ನಡೆಸುವವರಿಗೆ ಉಳಿದ ಮಾಲು ಅಂದರೆ ನೇರ ನಷ್ಟ. ತಪ್ಪು ಮಾರುವವರದ್ದು ನಿಜ. ಆದರೆ ಆ ಕೆಂಪನ್ನು ಕೇಳಿ ಪಡೆದವರು ನಾವು.

ಕಣ್ಣು ನಾಲಿಗೆಗೆ ಹೇಗೆ ಮೋಸ ಮಾಡುತ್ತದೆ ಎಂಬುದಕ್ಕೆ ಒಂದು ಪ್ರಸಿದ್ಧ ಪ್ರಯೋಗವಿದೆ. 2001ರಲ್ಲಿ ಪ್ರಕಟವಾದ ಫ್ರಾನ್ಸಿನ ಅಧ್ಯಯನವೊಂದರಲ್ಲಿ ದ್ರಾಕ್ಷಾರಸ ಸವಿಯುವುದನ್ನೇ ಕಲಿಯುತ್ತಿದ್ದ 54 ವಿದ್ಯಾರ್ಥಿಗಳಿಗೆ ಬಿಳಿ ವೈನಿಗೆ ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿ ಕೊಡಲಾಯಿತು. ಅವರು ಅದರ ಪರಿಮಳವನ್ನು ಕೆಂಪು ವೈನಿಗೆ ಬಳಸುವ ಮಾತುಗಳಲ್ಲೇ ಬಣ್ಣಿಸಿದರು. ಪಳಗಿದ ಮೂಗುಗಳ ಗತಿಯೇ ಹೀಗಾದರೆ ಸಂಜೆ ಹಸಿದು ನಿಂತ ನಮ್ಮ ಪಾಡೇನು? ಬಾಟಲಿಯ ಬಣ್ಣಕ್ಕೆ ಖಾರವೂ ಇಲ್ಲ, ರುಚಿಯೂ ಇಲ್ಲ. ಖಾರ ಬರುವುದು ಮೆಣಸಿನಕಾಯಿಯ ಕ್ಯಾಪ್ಸೈಸಿನ್‌ನಿಂದ. ಕರಿದ ಕೋಳಿಯ ಘಮ ಬರುವುದು ಕಾವಿನಲ್ಲಿ ಮಾಂಸದ ಪ್ರೋಟೀನು ಮತ್ತು ಸಕ್ಕರೆ ಅಂಶಗಳು ಸೇರಿ ಕಂದಾಗುವ ಕ್ರಿಯೆಯಿಂದ. ಮೈಯಾರ್ ಕ್ರಿಯೆ ಎಂದು ಅದರ ಹೆಸರು. ಅದರ ಬಣ್ಣ ಕೆಂಪಲ್ಲ, ಕಂದು.

ಬಣ್ಣದ ಕಣಜ ನಮ್ಮ ಹೊಲದಲ್ಲೇ

ಇದರಲ್ಲೊಂದು ವಿಚಿತ್ರವಿದೆ. ಪಕ್ಕದ ಹಾವೇರಿ ಜಿಲ್ಲೆಯ ಬ್ಯಾಡಗಿಯ ಹೆಸರು ಹೊತ್ತ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿತು. ಗದಗ ಜಿಲ್ಲೆಯ ಎರೆಹೊಲಗಳಲ್ಲೂ ಅದನ್ನು ಬೆಳೆಯುತ್ತಾರೆ. ಖಾರ ಕಡಿಮೆ, ಬಣ್ಣ ಹೆಚ್ಚು ಎಂಬುದೇ ಅದರ ಹೆಗ್ಗಳಿಕೆ. ಅದರ ಬಣ್ಣದ ಸತ್ವವನ್ನು ಓಲಿಯೋರೆಸಿನ್ ರೂಪದಲ್ಲಿ ತೆಗೆದು ಆಹಾರಕ್ಕೆ ನೈಸರ್ಗಿಕ ಬಣ್ಣವಾಗಿ ಹೊರದೇಶಗಳಿಗೂ ಕಳಿಸುತ್ತಾರೆ. ನಮ್ಮ ಹೊಲದ ಕೆಂಪು ಹಡಗು ಹತ್ತುತ್ತದೆ, ನಮ್ಮ ಕಬಾಬಿಗೆ ಡಬ್ಬಿಯ ಕೆಂಪು ಬೀಳುತ್ತದೆ.

ಮನೆಯಲ್ಲಿ ಮಾಡುವವರಿಗೆ ದಾರಿ ಸುಲಭ. ಬೀಜ ತೆಗೆದ ಬ್ಯಾಡಗಿ ಮೆಣಸಿನಕಾಯಿಯನ್ನು ಬಿಸಿನೀರಿನಲ್ಲಿ ನೆನೆಸಿ ನುಣ್ಣಗೆ ರುಬ್ಬಿ. ಶುಂಠಿ-ಬೆಳ್ಳುಳ್ಳಿ, ಉಪ್ಪು, ಲಿಂಬೆರಸ, ಸ್ವಲ್ಪ ಮೊಸರು ಸೇರಿಸಿ ಕೋಳಿಗೆ ಹಚ್ಚಿ ಒಂದೆರಡು ತಾಸು ಫ್ರಿಜ್ಜಿನಲ್ಲಿಡಿ. ಕರಿಯುವ ಮುಂಚೆ ಕಾರ್ನ್‌ಫ್ಲೋರ್ ಬೆರೆಸಿ. ಉರಿ ಮಧ್ಯಮವಾಗಿರಲಿ, ಹೆಚ್ಚಾದರೆ ಮೆಣಸಿನ ಬಣ್ಣ ಕರಗಾಗುತ್ತದೆ. ಬೀಟ್‌ರೂಟ್ ಹಾಕಿ ಎಂಬ ಸಲಹೆ ರೀಲ್ಸ್‌ಗಳಲ್ಲಿ ಸಿಗುತ್ತದೆ, ಆದರೆ ಬೀಟ್‌ರೂಟಿನ ಬಣ್ಣ ಕಾವಿಗೆ ನಿಲ್ಲುವುದಿಲ್ಲ. ಇಷ್ಟು ಮಾಡಿದರೂ ಅಂಗಡಿಯ ಕಡುಕೆಂಪು ಬರುವುದಿಲ್ಲ, ಇಟ್ಟಿಗೆಯ ಬಣ್ಣ ಬರುತ್ತದೆ. ನಿಜವಾದ ಕಬಾಬಿನ ಬಣ್ಣ ಅದೇ.

ಮನೆಯಲ್ಲೇ ಪರೀಕ್ಷೆ ಮಾಡಬಹುದೇ?

ಕಬಾಬ್ ತಿಂದ ಕೈಯನ್ನು ಸಾಬೂನಿನಲ್ಲಿ ತೊಳೆದಾಗ ಕೆಂಪಾದರೆ ಅದು ಕೆಮಿಕಲ್ ಎಂದು ಕೆಲವರು ನಂಬುತ್ತಾರೆ. ಇದು ಸರಿಯಲ್ಲ. ಅರಿಶಿನ ಸಾಬೂನಿಗೆ ತಾಗಿದರೂ ಕೆಂಪಾಗುತ್ತದೆ. ಆರತಿಗೆ ಅರಿಶಿನ-ಸುಣ್ಣ ಕಲಸಿ ಕೆಂಪು ನೀರು ಮಾಡುವುದು ಇದೇ ಗುಣದಿಂದ. ಮಸಾಲೆಯಲ್ಲಿ ಅರಿಶಿನ ಇದ್ದರೆ ನಿಮ್ಮ ಪರೀಕ್ಷೆ ನಿರಪರಾಧಿಯನ್ನೇ ಹಿಡಿದುಕೊಡುತ್ತದೆ.

ಒಂದು ಸುಳಿವು ಮಾತ್ರ ನೆನಪಿಡಬಹುದು. ಮೆಣಸಿನಕಾಯಿಯ ಬಣ್ಣ ಎಣ್ಣೆಯಲ್ಲಿ ಕರಗುತ್ತದೆ, ನೀರಿನಲ್ಲಿ ಅಷ್ಟಾಗಿ ಕರಗದು. ಸನ್‌ಸೆಟ್ ಯೆಲ್ಲೋ, ಕಾರ್ಮೋಸಿನ್ ನೀರಿನಲ್ಲಿ ಕರಗುತ್ತವೆ. ತುಂಡನ್ನು ನೀರಿಗೆ ಹಾಕಿದ ಕೂಡಲೇ ನೀರು ಕಿತ್ತಳೆ ಅಥವಾ ಕೆಂಪಾಗಿ ಹರಡಿದರೆ ಅನುಮಾನ ಪಡಬಹುದು. ಆದರೆ ಅದು ಅನುಮಾನ ಮಾತ್ರ, ತೀರ್ಪಲ್ಲ. ತೀರ್ಪು ಕೊಡುವುದು ಪ್ರಯೋಗಾಲಯ. ಹಾಗಾಗಿ ವಿಡಿಯೋ ಮಾಡಿ ಬಂಡಿಯವರ ಮುಖ ಹರಿಬಿಡುವ ಬದಲು ಆಹಾರ ಸುರಕ್ಷತಾ ಅಧಿಕಾರಿಗೆ ತಿಳಿಸಿ. 'ಫುಡ್ ಸೇಫ್ಟಿ ಕನೆಕ್ಟ್' ಆ್ಯಪ್‌ನಲ್ಲೂ ದೂರು ಕೊಡಬಹುದು.

ಬಣ್ಣಕ್ಕಿಂತ ಮೊದಲು ನೋಡಬೇಕಾದ್ದು

ಎಣ್ಣೆ: ಒಂದೇ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಿದಾಗ ಅದು ಒಡೆದು ಹಾನಿಕರ ಪದಾರ್ಥಗಳು ಸೇರುತ್ತಾ ಹೋಗುತ್ತವೆ. ಇವುಗಳ ಒಟ್ಟು ಪ್ರಮಾಣ ಶೇ. 25 ದಾಟಿದ ಎಣ್ಣೆಯನ್ನು ಬಳಸಬಾರದು ಎಂಬ ನಿಯಮ 2018ರ ಜುಲೈ 1ರಿಂದ ದೇಶದಲ್ಲಿ ಜಾರಿಯಲ್ಲಿದೆ. ನಮ್ಮ ಬಳಿ ಅಳೆಯುವ ಯಂತ್ರವಿಲ್ಲ, ಕಣ್ಣು-ಮೂಗು ಇವೆ. ಎಣ್ಣೆ ಕಪ್ಪಾಗಿ ಮಂದವಾಗಿದ್ದರೆ, ಮೇಲೆ ನೊರೆ ನಿಂತಿದ್ದರೆ, ಬೇಗ ಹೊಗೆಯಾಡಿದರೆ, ಕಮಟು ವಾಸನೆ ಬಂದರೆ ಮುಂದಿನ ಬಂಡಿಗೆ ಹೋಗಿ. ಮಿರ್ಚಿ ಭಜಿಯ ಕಡಾಯಿಗೂ ಇದೇ ಮಾತು.

ಬೇಯುವಿಕೆ: ಹಸಿ ಕೋಳಿಯಲ್ಲಿ ಸಾಲ್ಮೊನೆಲ್ಲಾ, ಕ್ಯಾಂಪಿಲೊಬ್ಯಾಕ್ಟರ್ ಬ್ಯಾಕ್ಟೀರಿಯಾಗಳು ಇರಬಹುದು. ತುಂಡಿನ ನಡುಭಾಗ 74 ಡಿಗ್ರಿ ಸೆಲ್ಸಿಯಸ್ ತಲುಪಿದರೆ ಅವು ಸಾಯುತ್ತವೆ. ದೊಡ್ಡ ಉರಿಯಲ್ಲಿ ಹೊರಗೆ ಕರಗಾಗಿ ಒಳಗೆ ಹಸಿಯಾಗಿ ಉಳಿಯುವುದು ಲೆಗ್ ಪೀಸಿನಲ್ಲಿ ಹೆಚ್ಚು. ಮುರಿದು ನೋಡಿ, ಒಳಗೆ ಜಿಗುಟಾಗಿದ್ದರೆ ಮತ್ತೆ ಕರಿಯಲು ಹೇಳಿ. ಆದರೆ ಎಲುಬಿನ ಪಕ್ಕದಲ್ಲಿ ಮಾತ್ರ ಕಡುಗೆಂಪು ಕಂಡರೆ ಗಾಬರಿ ಬೇಡ. ಎಳೆ ಕೋಳಿಯ ಮಜ್ಜೆಯ ಬಣ್ಣ ಚೆನ್ನಾಗಿ ಬೆಂದ ಮೇಲೂ ಹಾಗೆ ಉಳಿಯಬಹುದು.

ಕೈ ಮತ್ತು ನೀರು: ಕೋಳಿಯನ್ನು ನಳದ ಕೆಳಗೆ ಹಿಡಿದು ಜೋರಾಗಿ ತೊಳೆದರೆ ಸ್ವಚ್ಛವಾಗುತ್ತದೆ ಎಂದು ನಾವೆಲ್ಲ ನಂಬಿದ್ದೇವೆ. ನಿಜದಲ್ಲಿ ಸಿಡಿಯುವ ಹನಿಗಳು ಬ್ಯಾಕ್ಟೀರಿಯಾವನ್ನು ಸಿಂಕು, ಪಾತ್ರೆ, ಪಕ್ಕದ ಉಳ್ಳಾಗಡ್ಡಿಯವರೆಗೂ ಹರಡುತ್ತವೆ. ಕೊಂದುಹಾಕುವುದು ನೀರಲ್ಲ, ಬೆಂಕಿ. ತೊಳೆಯಲೇಬೇಕು ಅನ್ನಿಸಿದರೆ ಪಾತ್ರೆಯ ನೀರಿನಲ್ಲಿ ಮೆಲ್ಲಗೆ ತೊಳೆದು, ಆಮೇಲೆ ಕೈ ಮತ್ತು ಸಿಂಕನ್ನು ಸಾಬೂನಿನಿಂದ ತೊಳೆಯಿರಿ. ಹಸಿ ಕೋಳಿ ಕತ್ತರಿಸಿದ ಮಣೆಯಲ್ಲೇ ಉಳ್ಳಾಗಡ್ಡಿ ಹೆಚ್ಚಬೇಡಿ. ಕಬಾಬ್ ಎಣ್ಣೆಯಲ್ಲಿ ಬೇಯುತ್ತದೆ, ಉಳ್ಳಾಗಡ್ಡಿ ಹಸಿಯಾಗಿಯೇ ಹೊಟ್ಟೆ ಸೇರುತ್ತದೆ.

ಹಾರ್ಮೋನ್ ಇಂಜೆಕ್ಷನ್ ಮಾತೇನು?

ಬ್ರಾಯ್ಲರ್ ಕೋಳಿ ಆರು ವಾರದಲ್ಲಿ ಬೆಳೆಯುವುದು ಹಾರ್ಮೋನಿನಿಂದ ಎಂಬುದು ಬಹಳ ಹಳೆಯ ಫಾರ್ವರ್ಡ್. ಅದು ಬೇಗ ಬೆಳೆಯುವುದು ದಶಕಗಳ ತಳಿ ಆಯ್ಕೆ ಮತ್ತು ಆಹಾರದಿಂದ. ಬೆಳವಣಿಗೆಯ ಹಾರ್ಮೋನ್ ಒಂದು ಪ್ರೋಟೀನು, ಮೇವಿನಲ್ಲಿ ಹಾಕಿದರೆ ಕೋಳಿಯ ಹೊಟ್ಟೆಯಲ್ಲೇ ಜೀರ್ಣವಾಗಿಬಿಡುತ್ತದೆ. ಸಾವಿರಾರು ಕೋಳಿಗಳನ್ನು ಹಿಡಿದು ಹಿಡಿದು ಸೂಜಿ ಚುಚ್ಚುವುದು ಯಾರಿಗೂ ಗಿಟ್ಟುವ ಕೆಲಸವಲ್ಲ. ನಿಜವಾಗಿ ಚಿಂತಿಸಬೇಕಾದ್ದು ಪ್ರತಿಜೀವಕಗಳ ಅತಿ ಬಳಕೆಯ ಬಗ್ಗೆ. ಮನುಷ್ಯರಿಗೆ ಕೊನೆಯ ಅಸ್ತ್ರವೆನಿಸಿದ ಕೊಲಿಸ್ಟಿನ್ ಔಷಧವನ್ನು ಕೋಳಿ ಮತ್ತಿತರ ಆಹಾರದ ಪ್ರಾಣಿಗಳಿಗೆ ಕೊಡುವುದನ್ನು ಕೇಂದ್ರ ಸರ್ಕಾರ 2019ರಲ್ಲಿ ನಿಷೇಧಿಸಿದ್ದು ಇದೇ ಕಾರಣಕ್ಕೆ.

ಹಾಗಾದರೆ ತಿನ್ನಬಹುದೇ?

ಕರಿದ ತಿಂಡಿ ಕರಿದ ತಿಂಡಿಯೇ, ದಿನಾ ತಿನ್ನುವಂಥದ್ದಲ್ಲ. ಭಾನುವಾರದ ಒಂದು ಪ್ಲೇಟಿಗೆ ಹೆದರಬೇಕಾಗಿಲ್ಲ, ಆ ಪ್ಲೇಟು ಹೇಗಿರಬೇಕೆಂದು ಕೇಳುವ ಹಕ್ಕು ನಮಗಿದೆ. ಬಂಡಿಯ ಮುಂದೆ ನಿಂತಾಗ "ಬಣ್ಣ ಹಾಕದ್ದು ಐತೇನ್ರಿ?" ಎಂದು ಒಂದು ಮಾತು ಕೇಳಿ. ಹತ್ತು ಗಿರಾಕಿಗಳು ಕೇಳಿದರೆ ಹನ್ನೊಂದನೆಯವರಿಗೆ ಅದು ಸಿಗುತ್ತದೆ. ಕಂದು ಬಣ್ಣದ ಕಬಾಬ್ ಕಂಡಾಗ "ನಿನ್ನೇದೇನ?" ಎನ್ನಬೇಡಿ.

ಆ ಭಾನುವಾರದ ಫಾರ್ವರ್ಡ್ ನಾನು ಮುಂದೆ ಕಳಿಸಲಿಲ್ಲ. ಬದಲಿಗೆ ಬ್ಯಾಡಗಿ ಮೆಣಸಿನಕಾಯಿ ರುಬ್ಬಿ ಮನೆಯಲ್ಲೇ ಕಬಾಬ್ ಮಾಡಿದೆ. ಮಾವ ಒಂದು ತುಂಡು ಎತ್ತಿ ತಿರುಗಿಸಿ ತಿರುಗಿಸಿ ನೋಡಿದರು. "ಬಣ್ಣ ಕಡಿಮಿ ಆತು" ಅಂದರು. ಆಮೇಲೆ ಮತ್ತೆರಡು ತುಂಡು ಹಾಕಿಸಿಕೊಂಡರು.