ಪಾಸ್‌ಪೋರ್ಟ್ ಉಂಟು, ಓಟು ಎಲ್ಲುಂಟು?

ಊರಲ್ಲಿ ಚುನಾವಣೆ ಬಂದರೆ ನಮ್ಮ ರೂಮ್‌ಗಳಲ್ಲಿ ಯಾರಿಗೂ ನಿದ್ರೆ ಇಲ್ಲ. ಮುಸಫ್ಫಾ ಇರಲಿ, ಸೋನಾಪುರ ಇರಲಿ, ಡ್ಯೂಟಿ ಮುಗಿಸಿ ಬಂದವರು ಊಟದ ತಟ್ಟೆ ಮುಂದಿಟ್ಟುಕೊಂಡೇ ಬಂಟ್ವಾಳ, ಉಳ್ಳಾಲ, ಮಂಜೇಶ್ವರದ ಲೆಕ್ಕ ಹಾಕುತ್ತಾರೆ. ಕೊನೆಗೆ ಒಬ್ಬರಾದರೂ ಹೇಳುವ ಮಾತು ಇದ್ದೇ ಇದೆ: "ಯಾರು ಬಂದರೆ ನಮಗೆಂತ ಮಾರಾಯ, ನಮಗೆ ಓಟೇ ಇಲ್ಲವಲ್ಲ."

ಈ ಮಾತು ಕಾನೂನಿನ ಪ್ರಕಾರ ಸರಿಯಲ್ಲ. 2010ರಲ್ಲಿ ಪ್ರಜಾಪ್ರತಿನಿಧಿ ಕಾಯ್ದೆಗೆ ತಿದ್ದುಪಡಿ ಆಯಿತು, 2011ರಿಂದ ಅದು ಜಾರಿಯಲ್ಲಿದೆ. ಬೇರೆ ದೇಶದ ಪೌರತ್ವ ಪಡೆಯದ ಅನಿವಾಸಿ ಭಾರತೀಯನು ತನ್ನ ಪಾಸ್‌ಪೋರ್ಟ್‌ನಲ್ಲಿರುವ ವಿಳಾಸದ ಕ್ಷೇತ್ರದಲ್ಲಿ ಮತದಾರನಾಗಬಹುದು. ಆದರೆ ಓಟಿನ ದಿನ ಖುದ್ದಾಗಿ ಊರಿನ ಮತಗಟ್ಟೆಗೆ ಹೋಗಿ ಅಸಲಿ ಪಾಸ್‌ಪೋರ್ಟ್ ತೋರಿಸಬೇಕು. ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಳ್ಳುವುದು ಅಂದರೆ ಇದೇ. ಎರಡು ವರ್ಷಕ್ಕೊಮ್ಮೆ ರಜೆ ಸಿಗುವ ಗಾರೆ ಕೆಲಸದವನು, ಗ್ರೋಸರಿಯಲ್ಲಿ ಹದಿನಾಲ್ಕು ಗಂಟೆ ನಿಲ್ಲುವ ಹುಡುಗ ಒಂದು ಓಟಿಗೋಸ್ಕರ ವಿಮಾನ ಹತ್ತುವುದುಂಟಾ?

ಲೆಕ್ಕವೇ ಹೇಳುತ್ತದೆ. 2024ರ ಲೋಕಸಭಾ ಚುನಾವಣೆಗೆ ಇಡೀ ಪ್ರಪಂಚದಿಂದ ಹೆಸರು ನೋಂದಾಯಿಸಿದ ಅನಿವಾಸಿ ಮತದಾರರು ಸುಮಾರು 1.19 ಲಕ್ಷ. ಊರಿಗೆ ಬಂದು ಓಟು ಹಾಕಿದವರು 2,958 ಮಂದಿ. ಅದರಲ್ಲಿ 2,670 ಮಂದಿ ಕೇರಳದವರೇ. ಅಲ್ಲಿನವರು ಗಲ್ಫಿನಿಂದ ಒಟ್ಟಾಗಿ ಟಿಕೆಟ್ ಮಾಡಿ "ವೋಟು ವಿಮಾನ" ಹತ್ತಿದ್ದನ್ನು ನಾವೆಲ್ಲ ನೋಡಿದ್ದೇವೆ. ಸಂತೋಷವೇ. ಆದರೆ ರಜೆ ಮತ್ತು ಟಿಕೆಟಿನ ದುಡ್ಡು ಇದ್ದವನಿಗೆ ಮಾತ್ರ ಸಿಗುವ ಹಕ್ಕನ್ನು ಹಕ್ಕು ಅಂತ ಕರೆಯುವುದು ಹೇಗೆ?

ಇನ್ನೊಂದು ವಿಷಯ ಹೆಚ್ಚಿನವರಿಗೆ ಗೊತ್ತಿಲ್ಲ. ಅಬುಧಾಬಿಯ ರಾಯಭಾರ ಕಚೇರಿಗೆ ಊರಿನಿಂದ ನೇಮಕವಾಗಿ ಬಂದ ಸರ್ಕಾರಿ ನೌಕರನಿಗೆ ಅಂಚೆ ಮತ ಉಂಟು. ಅವರ ಮತಪತ್ರ ಈಗ ಕಂಪ್ಯೂಟರ್‌ನಲ್ಲೇ ಬರುತ್ತದೆ, ಭರ್ತಿ ಮಾಡಿ ಅಂಚೆಯಲ್ಲಿ ಕಳಿಸಿದರೆ ಆಯಿತು. ಅದೇ ಕಚೇರಿಯ ಕೌಂಟರಿನ ಈಚೆ ನಿಂತವನಿಗೆ ಆ ಸೌಲಭ್ಯ ಇಲ್ಲ. ನಮ್ಮ ರೂಮಿನ ಪಕ್ಕದ ಫಿಲಿಪಿನೋಗಳನ್ನು ಕೇಳಿ ನೋಡಿ. ಅವರ ದೇಶ 2003ರಲ್ಲೇ ಕಾನೂನು ಮಾಡಿ 2004ರಿಂದ ಹೊರದೇಶದಲ್ಲೇ ಓಟು ಹಾಕಿಸುತ್ತಿದೆ. 2025ರಲ್ಲಿ ಅವರು ಇಲ್ಲಿಂದ ಮೊಬೈಲಿನಲ್ಲೇ ಓಟು ಹಾಕಿದರು.

ನಮ್ಮ ದೇಶದಲ್ಲಿ ಪ್ರಯತ್ನ ಆಗಲಿಲ್ಲ ಅಂತಲ್ಲ. ಅಬುಧಾಬಿಯ ವೈದ್ಯ ಉದ್ಯಮಿ ಡಾ. ಶಂಶೀರ್ ವಯಲಿಲ್ ಸುಪ್ರೀಂ ಕೋರ್ಟಿಗೆ ಹೋದರು. 2018ರ ಆಗಸ್ಟಿನಲ್ಲಿ ಬದಲಿ ವ್ಯಕ್ತಿಯ ಮೂಲಕ ಓಟು ಹಾಕಿಸುವ ಮಸೂದೆ ಲೋಕಸಭೆಯಲ್ಲಿ ಪಾಸಾಯಿತು, ರಾಜ್ಯಸಭೆಯಲ್ಲಿ ಬಾಕಿಯಾಗಿ 2019ರಲ್ಲಿ ಸತ್ತೇ ಹೋಯಿತು. 2020ರಲ್ಲಿ ಚುನಾವಣಾ ಆಯೋಗವೇ ಅಂಚೆ ಮತ ಕೊಡಲು ತಯಾರು ಎಂದು ಕಾನೂನು ಸಚಿವಾಲಯಕ್ಕೆ ಬರೆಯಿತು. ಆಮೇಲೆ ಸದ್ದಿಲ್ಲ. ಬದಲಿ ಓಟು ನಮಗೂ ಅಷ್ಟು ಹಿಡಿಸಿದ ವಿಷಯ ಅಲ್ಲ, ಊರಲ್ಲಿರುವವ ಯಾರಿಗೆ ಒತ್ತಿದ ಅಂತ ಯಾರು ನೋಡಿದ್ದಾರೆ! ಅಂಚೆ ಮತವೇ ಒಳ್ಳೆಯದು.

ಒಂದು ಓಟಿನ ಬೆಲೆ ಎಷ್ಟು ಅಂತ ಕೇಳುವವರು ಮಂಜೇಶ್ವರವನ್ನು ನೆನಪಿಸಿಕೊಳ್ಳಿ. 2016ರಲ್ಲಿ ಅಲ್ಲಿ ಪಿ.ಬಿ. ಅಬ್ದುಲ್ ರಝಾಕ್ ಗೆದ್ದದ್ದು ಬರೇ 89 ಓಟಿನಲ್ಲಿ. ಸೋತ ಕೆ. ಸುರೇಂದ್ರನ್ ಕೇರಳ ಹೈಕೋರ್ಟಿಗೆ ಹೋಗಿ, ಸತ್ತವರ ಮತ್ತು ವಿದೇಶದಲ್ಲಿದ್ದವರ ಹೆಸರಲ್ಲಿ ಓಟು ಬಿದ್ದಿದೆ ಎಂದು ವಾದಿಸಿದರು. ರಝಾಕ್ 2018ರಲ್ಲಿ ತೀರಿಕೊಂಡರು, ಮರುವರ್ಷ ಸುರೇಂದ್ರನ್ ಕೇಸು ಹಿಂದೆಗೆದುಕೊಂಡರು. ಆರೋಪ ನಿಜವೋ ಸುಳ್ಳೋ, ಆ ಚರ್ಚೆ ಇಲ್ಲಿ ಬೇಡ. ಆದರೆ ಗಮನಿಸಿ: ನಮಗೆ ಓಟು ಹಾಕಲು ದಾರಿ ಇಲ್ಲ, ನಮ್ಮ ಹೆಸರಲ್ಲಿ ಸಂಶಯ ಮಾತ್ರ ಕೋರ್ಟಿನವರೆಗೆ ಹೋಗುತ್ತದೆ. 2021ರಲ್ಲೂ ಅಲ್ಲಿ ಅಂತರ 745 ಮಾತ್ರ.

2023-24ರಲ್ಲಿ ವಿದೇಶದಿಂದ ಭಾರತಕ್ಕೆ ಬಂದ ಹಣದಲ್ಲಿ ನೂರಕ್ಕೆ 19 ರೂಪಾಯಿಗಿಂತ ಹೆಚ್ಚು ಈ ಯುಎಇಯಿಂದಲೇ ಹೋದದ್ದು, ರಿಸರ್ವ್ ಬ್ಯಾಂಕ್ ಕೊಟ್ಟ ಲೆಕ್ಕ. ಆದರೂ ಊರಿನಿಂದ ಬರುವ ನಾಯಕರು ದುಬೈಯ ಹೋಟೆಲಿನಲ್ಲಿ ಉದ್ಯಮಿಗಳ ಜೊತೆ ಶಾಲು ಹೊದ್ದು ಫೋಟೋ ತೆಗೆಸಿಕೊಂಡು ಹೋಗುತ್ತಾರೆ, ಕ್ಯಾಂಪಿನ ದಾರಿ ಅವರಿಗೆ ಗೊತ್ತಿಲ್ಲ. ಕೇರಳದಲ್ಲಿ 1996ರಿಂದಲೇ ಅನಿವಾಸಿಗಳಿಗೆ ನೋರ್ಕಾ ಇಲಾಖೆ ಉಂಟು, ಹಿಂತಿರುಗಿದವರಿಗೆ ಪಿಂಚಣಿ ಉಂಟು. ಕರ್ನಾಟಕದಲ್ಲಿ ನಮಗಿರುವುದು ಒಂದು ಸಮಿತಿ. ಅಲ್ಲಿಯ ನಾಯಕರು ನಮ್ಮವರಿಗಿಂತ ಪುಣ್ಯವಂತರು ಅಂತ ನಮಗೆ ಅನಿಸುವುದಿಲ್ಲ. ಗಲ್ಫಿನ ಮನೆಯವರು ಲೆಕ್ಕ ಕೇಳುತ್ತಾರೆ ಎಂಬ ಹೆದರಿಕೆ ಅವರಿಗಿದೆ, ಅಷ್ಟೇ.

ಈ ನೆಲದಲ್ಲಿ ಪಕ್ಷದ ಸಭೆ, ಪ್ರಚಾರ ಯಾವುದೂ ಬೇಡ. ಇಲ್ಲಿನ ಕಾನೂನು ನಮಗೆ ಅನ್ನ ಕೊಟ್ಟಿದೆ. ಹೆಸರು ನೋಂದಾಯಿಸಲು ಸಭೆಯ ಅಗತ್ಯವೂ ಇಲ್ಲ. ಚುನಾವಣಾ ಆಯೋಗದ ವೆಬ್‌ಸೈಟಿನಲ್ಲಿ ನಮೂನೆ 6ಎ ತುಂಬಿಸಿ, ಫೋಟೋ, ಪಾಸ್‌ಪೋರ್ಟ್ ಮತ್ತು ವೀಸಾ ಪುಟದ ಪ್ರತಿ ಸೇರಿಸಿದರೆ ಆಯಿತು, ದುಡ್ಡಿಲ್ಲ. ಊರಲ್ಲಿ ಮಾಮೂಲಿ ಪಟ್ಟಿಯಲ್ಲಿ ಹೆಸರು ಇದ್ದರೆ ಆ ಗುರುತು ಚೀಟಿ ಒಪ್ಪಿಸಬೇಕು, ಎರಡು ಕಡೆ ಇರಬಾರದು. ಮೊದಲು ಪಾಸ್‌ಪೋರ್ಟಿನ ಕೊನೆಯ ಪುಟ ತೆಗೆದು ವಿಳಾಸ ನೋಡಿ. ಹಿಂದೆ ಮುಂಬೈಯ ವಿಳಾಸದಲ್ಲಿ ಪಾಸ್‌ಪೋರ್ಟ್ ಮಾಡಿಸಿದವರು ಎಷ್ಟೋ ಮಂದಿ ಇದ್ದಾರೆ, ಅವರ ಓಟು ಅಲ್ಲಿಗೇ ಹೋಗುತ್ತದೆ. ರಿನ್ಯೂ ಮಾಡುವಾಗ ಸರಿಪಡಿಸಿಕೊಳ್ಳಿ. ಕಾಸರಗೋಡಿನ ಸಹೋದರರು, 2025ರ ನವೆಂಬರ್‌ನಲ್ಲಿ ಕೇರಳದಲ್ಲಿ ಶುರುವಾದ ತೀವ್ರ ಪರಿಷ್ಕರಣೆಯ ಪಟ್ಟಿಯಲ್ಲಿ ತಮ್ಮ ಹೆಸರು ಉಳಿದಿದೆಯೋ ಅಂತ ಮನೆಯವರಿಂದ ಕೇಳಿಸಿಕೊಳ್ಳಿ. ಫಾರ್ಮ್ ತುಂಬಿಸಲು ತಿಳಿಯದವರು ರಜೆಯ ದಿನ ನಮ್ಮ ಕಾರ್ಯಕರ್ತರ ಹತ್ತಿರ ಬನ್ನಿ, ಪಾಸ್‌ಪೋರ್ಟ್ ಮರೆಯದೆ ತನ್ನಿ.